ಇಸಿಆರ್: ಬ್ರಸೆಲ್ಸನ್ನು ಬೈಯುವವರು ಬ್ರಸೆಲ್ಸಿನಲ್ಲೇ ಪಕ್ಷ ಕಟ್ಟಿದ್ದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ನೆದರ್ಲೆಂಡ್ಸ್‌ನಲ್ಲಿ ನೆಲೆಸಿರುವ ಕನ್ನಡಿಗ ನಾನು. ಇಲ್ಲಿನ ಸುದ್ದಿಗಳಲ್ಲಿ ‘ಇಸಿಆರ್’ ಎಂಬ ಹೆಸರು ಪದೇ ಪದೇ ಬರುತ್ತದೆ. ಒಮ್ಮೆ ಅದನ್ನು ಪಕ್ಷ ಅನ್ನುತ್ತಾರೆ, ಇನ್ನೊಮ್ಮೆ ಗುಂಪು ಅನ್ನುತ್ತಾರೆ. ಐರೋಪ್ಯ ಒಕ್ಕೂಟದ ಅಧಿಕಾರ ಕಡಿಮೆಯಾಗಬೇಕು ಎನ್ನುವ ಪಕ್ಷಗಳೇ ಸೇರಿ, ಆ ಒಕ್ಕೂಟದ ದುಡ್ಡಿನಲ್ಲೇ ಪಕ್ಷ ನಡೆಸುವುದು ಹೇಗೆ? ಇದು ನಮ್ಮ ಎನ್‌ಡಿಎ, ಯುಪಿಎ ತರಹದ ಮೈತ್ರಿಕೂಟವೇ? ಹಾಗಿದ್ದರೆ ಇಟಲಿಯವರು ಒಂದು ಕಡೆ, ಪೋಲೆಂಡಿನವರು ಇನ್ನೊಂದು ಕಡೆ ಮತ ಹಾಕುವುದೇಕೆ?

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣವಿದೆ. ಇಸಿಆರ್ ಹೆಸರಿನ ಸುತ್ತ ಇರುವುದು ಮೂರು ಸಂಸ್ಥೆಗಳು. ಐರೋಪ್ಯ ಸಂಸತ್ತಿನೊಳಗೆ ಸಂಸದರು ಕಟ್ಟಿಕೊಂಡಿರುವ ಗುಂಪು ಒಂದು. ಬೇರೆ ಬೇರೆ ದೇಶಗಳ ಪಕ್ಷಗಳೇ ಸದಸ್ಯರಾಗಿರುವ ‘ಯುರೋಪಿಯನ್ ಕನ್ಸರ್ವೇಟಿವ್ಸ್ ಅಂಡ್ ರಿಫಾರ್ಮಿಸ್ಟ್ಸ್’ ಎಂಬ ಪಕ್ಷ ಇನ್ನೊಂದು. ಆ ಪಕ್ಷಕ್ಕೆ ಹೊಂದಿಕೊಂಡ ‘ನ್ಯೂ ಡೈರೆಕ್ಷನ್’ ಎಂಬ ಪ್ರತಿಷ್ಠಾನ ಮೂರನೆಯದು. ಮೂರಕ್ಕೂ ಲೆಕ್ಕಪತ್ರ ಬೇರೆ, ನಿಯಮ ಬೇರೆ, ಪದಾಧಿಕಾರಿಗಳು ಬೇರೆ. ಇಟಲಿಯ ‘ಬ್ರದರ್ಸ್ ಆಫ್ ಇಟಲಿ’ ಪಕ್ಷದ ನಾಯಕಿ ಜಾರ್ಜಿಯಾ ಮೆಲೋನಿ 2020ರ ಸೆಪ್ಟೆಂಬರ್‌ನಿಂದ 2025ರ ಜನವರಿಯವರೆಗೆ ಅಧ್ಯಕ್ಷೆಯಾಗಿದ್ದದ್ದು ಪಕ್ಷಕ್ಕೆ. ಆ ಅವಧಿಯಲ್ಲಿ ಅವರು ಐರೋಪ್ಯ ಸಂಸತ್ತಿನಲ್ಲಿ ಕೂತವರೇ ಅಲ್ಲ. ಅವರ ನಂತರ ಆ ಸ್ಥಾನಕ್ಕೆ ಬಂದ ಪೋಲೆಂಡಿನ ಮಾಜಿ ಪ್ರಧಾನಿ ಮತೆಯುಷ್ ಮೊರಾವಿಯೆಟ್ಸ್ಕಿಯೂ ಆಗ ಐರೋಪ್ಯ ಸಂಸದರಾಗಿರಲಿಲ್ಲ. ಗುಂಪಿನ ಚುಕ್ಕಾಣಿ ಬೇರೆಯವರ ಕೈಯಲ್ಲಿರುತ್ತದೆ. 2024ರ ಚುನಾವಣೆಯ ನಂತರ ಇಟಲಿಯ ನಿಕೋಲಾ ಪ್ರೊಕಾಚಿನಿ ಮತ್ತು ಪೋಲೆಂಡಿನ ಯೊವಾಕಿಮ್ ಬ್ರುಜಿನ್ಸ್ಕಿ ಜಂಟಿಯಾಗಿ ಅದನ್ನು ಹಿಡಿದರು.

ಗುಂಪಿನಲ್ಲಿದ್ದರೆ ಪಕ್ಷದಲ್ಲೂ ಇರಬೇಕೆಂಬ ಕಡ್ಡಾಯವಿಲ್ಲ. ನಿಮ್ಮ ನೆದರ್ಲೆಂಡ್ಸ್‌ನ ಎಸ್‌ಜಿಪಿಯನ್ನೇ ನೋಡಿ. ಈ ಕ್ರೈಸ್ತ ಪಕ್ಷದ ಐರೋಪ್ಯ ಸಂಸದ ಕೂರುವುದು ಇಸಿಆರ್ ಗುಂಪಿನಲ್ಲಿ, ಆದರೆ ಪಕ್ಷದ ನಂಟು ಇರುವುದು ಬೇರೊಂದು ಕ್ರೈಸ್ತ ರಾಜಕೀಯ ಒಕ್ಕೂಟದ ಜೊತೆ. ಬೆಲ್ಜಿಯಂನ ಎನ್-ವಿಎ 2014ರಲ್ಲಿ ಇಸಿಆರ್ ಗುಂಪು ಸೇರಿದಾಗ ಅದು ‘ಯುರೋಪಿಯನ್ ಫ್ರೀ ಅಲಯನ್ಸ್’ನ ಸದಸ್ಯ ಪಕ್ಷವಾಗಿತ್ತು, ಆ ಅಲಯನ್ಸಿನ ಉಳಿದ ಸಂಸದರು ಹೆಚ್ಚಾಗಿ ಕೂರುತ್ತಿದ್ದದ್ದು ಹಸಿರು ಪಕ್ಷದವರ ಪಕ್ಕದಲ್ಲಿ. ಪತ್ರಿಕೆಗಳು ‘ಇಸಿಆರ್‌ನ ಪಕ್ಷ’ ಎಂದು ಸಲೀಸಾಗಿ ಬರೆದಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಹುಟ್ಟಿನ ಕಥೆ ಬ್ರಿಟನ್ನಿನದು. ಬ್ರಿಟಿಷ್ ಕನ್ಸರ್ವೇಟಿವ್ ಸಂಸದರು ವರ್ಷಗಳ ಕಾಲ ಕೂರುತ್ತಿದ್ದದ್ದು ಇಪಿಪಿ ಎಂಬ ಮಧ್ಯ-ಬಲಪಂಥದ ದೊಡ್ಡ ಗುಂಪಿನ ಜೊತೆ. ಇಪಿಪಿಗೆ ಒಕ್ಕೂಟ ಇನ್ನಷ್ಟು ಬೆಸೆಯಬೇಕೆಂಬ ಆಸೆ, ಇವರಿಗೆ ಅದೇ ಅಲರ್ಜಿ. 2005ರಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ ಡೇವಿಡ್ ಕ್ಯಾಮರೂನ್, ಇಪಿಪಿ ಗುಂಪಿನಿಂದ ಹೊರಬರುವುದಾಗಿ ಮಾತು ಕೊಟ್ಟರು. ಮರುವರ್ಷ ಚೆಕ್ ಗಣರಾಜ್ಯದ ಓಡಿಎಸ್ ಪಕ್ಷದ ಜೊತೆ ಸೇರಿ ‘ಮೂವ್‌ಮೆಂಟ್ ಫಾರ್ ಯುರೋಪಿಯನ್ ರಿಫಾರ್ಮ್’ ಶುರುವಾಯಿತು. 2009ರಲ್ಲಿ ಹತ್ತು ಅಂಶಗಳ ‘ಪ್ರಾಗ್ ಘೋಷಣೆ’ ಬಂತು: ಮುಕ್ತ ಉದ್ಯಮ, ಕಡಿಮೆ ತೆರಿಗೆ, ಚಿಕ್ಕ ಸರ್ಕಾರ, ಕುಟುಂಬ, ನ್ಯಾಟೋ ಮೂಲಕ ಅಮೆರಿಕದ ಜೊತೆಗಿನ ಭದ್ರತಾ ನಂಟು, ವಲಸೆಗೆ ಕಡಿವಾಣ, ಐರೋಪ್ಯ ಫೆಡರಲ್ ವ್ಯವಸ್ಥೆಗೆ ವಿರೋಧ ಇತ್ಯಾದಿ. ಒಕ್ಕೂಟವನ್ನು ಬಿಟ್ಟು ಹೋಗಬೇಕು ಎಂಬ ಮಾತು ಅದರಲ್ಲಿಲ್ಲ. ಒಕ್ಕೂಟ ಇರಲಿ, ಆದರೆ ಅದು ಸಾರ್ವಭೌಮ ದೇಶಗಳ ಸಹಕಾರ ಸಂಘವಾಗಿರಲಿ ಎಂಬುದು ಇವರ ನಿಲುವು. ತಮ್ಮನ್ನು ಇವರು ‘ಯುರೋ-ವಾಸ್ತವವಾದಿಗಳು’ ಎಂದು ಕರೆದುಕೊಳ್ಳುತ್ತಾರೆ.

ಸಿದ್ಧಾಂತಕ್ಕಿಂತ ಈ ಮೈತ್ರಿಯನ್ನು ರೂಪಿಸಿದ್ದು ‘ಏಳು’ ಎಂಬ ಅಂಕಿ. ಸಂಸತ್ತಿನಲ್ಲಿ ಗುಂಪು ಕಟ್ಟಲು ಈಗ ಕನಿಷ್ಠ 23 ಸಂಸದರು ಬೇಕು, 2009ರಲ್ಲಿ 25 ಬೇಕಿತ್ತು. ಅಷ್ಟು ತಲೆ ಸೇರಿಸುವುದು ಕಷ್ಟವಲ್ಲ. ಅವರು ಸದಸ್ಯ ದೇಶಗಳ ಕನಿಷ್ಠ ಕಾಲುಭಾಗದಿಂದ ಬಂದಿರಬೇಕು, ಅಂದರೆ 27ರಲ್ಲಿ 7 ದೇಶ; ತೊಡಕು ಇರುವುದು ಇಲ್ಲಿ. 2009ರ ಜೂನ್‌ನಲ್ಲಿ ಗುಂಪು ಘೋಷಣೆಯಾದಾಗ 8 ದೇಶಗಳ 55 ಸಂಸದರಿದ್ದರು. ಬ್ರಿಟನ್ 26, ಪೋಲೆಂಡಿನ ‘ಲಾ ಅಂಡ್ ಜಸ್ಟಿಸ್’ 15, ಚೆಕ್‌ನ ಓಡಿಎಸ್ 9. ಮೂರೇ ದೇಶಗಳಿಂದ 50. ಬೆಲ್ಜಿಯಂ, ಫಿನ್ಲೆಂಡ್, ಹಂಗೇರಿ, ಲಾಟ್ವಿಯಾ, ನೆದರ್ಲೆಂಡ್ಸ್‌ಗಳಿಂದ ಒಬ್ಬೊಬ್ಬರು. ಫಿನ್ಲೆಂಡಿನವರು ಸ್ವಲ್ಪದರಲ್ಲೇ ಹಿಂದೆ ಸರಿದರು, ಉಳಿದದ್ದು ಸರಿಯಾಗಿ 7 ದೇಶ. ಇನ್ನೊಬ್ಬ ಒಂಟಿ ಸಂಸದ ಮುನಿಸಿಕೊಂಡು ಎದ್ದು ಹೋಗಿದ್ದರೂ 50ಕ್ಕೂ ಹೆಚ್ಚು ಮಂದಿಯ ಗುಂಪು ಕಾನೂನಿನ ಕಣ್ಣಿನಲ್ಲಿ ಇಲ್ಲವಾಗುತ್ತಿತ್ತು. ಗುಂಪು ಇಲ್ಲವಾದರೆ ಸಿಬ್ಬಂದಿಯ ಹಣ ಇಲ್ಲ, ಮಾತಿನ ಸಮಯಕ್ಕೆ ಕತ್ತರಿ, ಸಮಿತಿ ಅಧ್ಯಕ್ಷಗಿರಿಯ ಪಾಲು ಇಲ್ಲ. 26 ಸಂಸದರ ಬ್ರಿಟಿಷ್ ಪಕ್ಷ ಒಬ್ಬನೇ ಸಂಸದನಿರುವ ಪಕ್ಷದ ಮರ್ಜಿ ಕಾಯಬೇಕಾಗಿ ಬಂದದ್ದು ಹೀಗೆ.

ಹೊರಗಿನ ಪಕ್ಷಕ್ಕೂ, ಅಂದರೆ ಮೆಲೋನಿ ಅಧ್ಯಕ್ಷೆಯಾಗಿದ್ದ ಸಂಸ್ಥೆಗೂ, ಏಳು ದೇಶಗಳ ಷರತ್ತಿದೆ. ಎಣಿಸುವ ರೀತಿ ಮಾತ್ರ ಬೇರೆ. 2024ರ ಚುನಾವಣೆಯ ಹೊತ್ತಿಗೆ ಜಾರಿಯಲ್ಲಿದ್ದದ್ದು 2014ರ ನಿಯಮಾವಳಿ (ಸಂಖ್ಯೆ 1141). ಅದರ ಪ್ರಕಾರ ಸದಸ್ಯ ಪಕ್ಷಗಳಿಗೆ ಕನಿಷ್ಠ 7 ದೇಶಗಳಲ್ಲಿ ಐರೋಪ್ಯ, ರಾಷ್ಟ್ರೀಯ ಅಥವಾ ಪ್ರಾಂತೀಯ ಶಾಸನಸಭೆಯ ಸದಸ್ಯರಿರಬೇಕು; ಇಲ್ಲವೇ ಕಳೆದ ಐರೋಪ್ಯ ಚುನಾವಣೆಯಲ್ಲಿ ಅಷ್ಟು ದೇಶಗಳಲ್ಲಿ ತಲಾ ಶೇ 3 ಮತ ಬಂದಿರಬೇಕು. ಅರ್ಜಿ ಹೋಗುವುದು ಬ್ರಸೆಲ್ಸಿನಲ್ಲಿರುವ, ಐರೋಪ್ಯ ಪಕ್ಷಗಳ ನೋಂದಣಿಗೆಂದೇ ಇರುವ ಸ್ವತಂತ್ರ ಪ್ರಾಧಿಕಾರಕ್ಕೆ. ಅರ್ಜಿಯ ಜೊತೆ ಪಕ್ಷದ ನಿಯಮಪುಸ್ತಕ ಇರಬೇಕು. ಯಾವ ಸದಸ್ಯ ರಾಷ್ಟ್ರದಲ್ಲಿ ಕಚೇರಿ, ಚಿಹ್ನೆ ಯಾವುದು, ಸದಸ್ಯರನ್ನು ಸೇರಿಸುವ-ಕಳಿಸುವ ವಿಧಾನ ಏನು, ಮತದಾನದ ನಿಯಮ ಏನು ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಮಾನವ ಘನತೆ, ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆಯಂಥ ಒಕ್ಕೂಟದ ಮೂಲ ಮೌಲ್ಯಗಳನ್ನು ಪಾಲಿಸುತ್ತೇವೆ ಎಂದು ಸಹಿ ಹಾಕಿದ ಹೇಳಿಕೆಯೂ ಬೇಕು. ಒಕ್ಕೂಟವನ್ನು ಪ್ರೀತಿಸಬೇಕು ಎಂಬ ಷರತ್ತು ಎಲ್ಲೂ ಇಲ್ಲ. ನೀವು ಕೇಳಿದ ಮೊದಲ ಪ್ರಶ್ನೆಗೆ ಕಾನೂನಿನ ಉತ್ತರ ಇಷ್ಟೇ: ಒಕ್ಕೂಟದ ಅಧಿಕಾರ ಕಡಿಮೆಯಾಗಲಿ ಎನ್ನುವುದೂ ಒಂದು ಐರೋಪ್ಯ ರಾಜಕೀಯ ನಿಲುವು, ಅದಕ್ಕೂ ನೋಂದಣಿಯ ಹಕ್ಕಿದೆ.

2018ರ ತಿದ್ದುಪಡಿ ಎರಡು ಕಡೆ ಬಿಗಿ ಮಾಡಿತು. ಅದಕ್ಕೂ ಮುಂಚೆ ಬಿಡಿ ಶಾಸಕರನ್ನು ತೋರಿಸಿ ಏಳು ದೇಶದ ಲೆಕ್ಕ ತುಂಬಿಸಬಹುದಿತ್ತು. ಒಂದೇ ರಾಷ್ಟ್ರೀಯ ಪಕ್ಷದ ಇಬ್ಬರು ಶಾಸಕರು ಎರಡು ಐರೋಪ್ಯ ಪಕ್ಷಗಳಿಗೆ ‘ಸಾಲ’ ಹೋಗುತ್ತಿದ್ದ ಕಾಲ ಅದು. ಈಗ ಪಕ್ಷಗಳೇ ಸದಸ್ಯರಾಗಿರಬೇಕು, ಅದೂ ಒಂದು ಕಡೆ ಮಾತ್ರ. ಎರಡನೆಯದು ಚಿಕ್ಕದಾಗಿ ಕಂಡರೂ ಕಿರಿಕಿರಿಯ ಷರತ್ತು. ಹಣ ಬೇಕಿದ್ದರೆ ಸದಸ್ಯ ಪಕ್ಷಗಳು ತಮ್ಮ ಜಾಲತಾಣದಲ್ಲಿ ಐರೋಪ್ಯ ಪಕ್ಷದ ಚಿಹ್ನೆ ಮತ್ತು ಕಾರ್ಯಕ್ರಮವನ್ನು ಎದ್ದು ಕಾಣುವಂತೆ ಹಾಕಿರಬೇಕು. ಊರಿನಲ್ಲಿ ಬ್ರಸೆಲ್ಸನ್ನು ಬೈದು ಮತ ಕೇಳುವ ಪಕ್ಷಕ್ಕೆ ಇದು ಮುಜುಗರದ ಸಂಗತಿಯೇ ಸರಿ.

ಇನ್ನು ದುಡ್ಡು. ಸಂಸತ್ತಿನ ಬಜೆಟ್ಟಿನಲ್ಲಿ ಐರೋಪ್ಯ ಪಕ್ಷಗಳಿಗೆಂದು ವರ್ಷಕ್ಕೊಂದು ಮೊತ್ತ ಇರುತ್ತದೆ. ಕನಿಷ್ಠ ಒಬ್ಬ ಐರೋಪ್ಯ ಸಂಸದನಿರುವ ನೋಂದಾಯಿತ ಪಕ್ಷ ಅರ್ಜಿ ಹಾಕಬಹುದು. 2018ರ ತಿದ್ದುಪಡಿಯ ನಂತರ ಆ ಮೊತ್ತದ ಶೇ 10 ಭಾಗ ಎಲ್ಲರಿಗೂ ಸಮವಾಗಿ, ಶೇ 90 ಭಾಗ ಸಂಸದರ ಸಂಖ್ಯೆಗೆ ತಕ್ಕಂತೆ. ಲೆಕ್ಕ ಸುಲಭವಾಗಲೆಂದು ಕಾಲ್ಪನಿಕ ಅಂಕಿ ತೆಗೆದುಕೊಳ್ಳೋಣ. ಒಟ್ಟು 4 ಕೋಟಿ ಯೂರೋ, ಅರ್ಹ ಪಕ್ಷ 10, ಅವಕ್ಕೆ ಸೇರಿದ ಸಂಸದರು 600. ಶೇ 10 ಅಂದರೆ 40 ಲಕ್ಷ, ತಲಾ 4 ಲಕ್ಷ. ಉಳಿದ 3.6 ಕೋಟಿಯಲ್ಲಿ 60 ಸಂಸದರಿರುವ ಪಕ್ಷಕ್ಕೆ 36 ಲಕ್ಷ. ಕೂಡಿದರೆ 40 ಲಕ್ಷ. 6 ಸಂಸದರ ಸದಸ್ಯ ಪಕ್ಷವೊಂದು ಬಿಟ್ಟು ಹೋದರೆ 3 ಲಕ್ಷ 60 ಸಾವಿರ ಕೈತಪ್ಪುತ್ತದೆ. ಸದಸ್ಯ ಪಕ್ಷಗಳ ವಿಷಯದಲ್ಲಿ ನಾಯಕರು ಅಷ್ಟೊಂದು ಸಹನೆ ತೋರುವುದರ ಹಿಂದೆ ಈ ಲೆಕ್ಕವೂ ಇದೆ.

ಮಂಜೂರಾದ ಮಾತ್ರಕ್ಕೆ ಹಣ ಕೈಗೆ ಬಂತು ಎಂದಲ್ಲ. ಇಲ್ಲಿ ಹೇಳುವುದೆಲ್ಲ 2024ರ ಹೊತ್ತಿಗೆ ಜಾರಿಯಲ್ಲಿದ್ದ ಆ ನಿಯಮಾವಳಿಯ ಲೆಕ್ಕ. ಅದರ ಪ್ರಕಾರ ಒಕ್ಕೂಟದ ಹಣ ಪಕ್ಷದ ಅರ್ಹ ಖರ್ಚಿನ ಶೇ 90 ಮೀರುವಂತಿಲ್ಲ. ನಮ್ಮ ಉದಾಹರಣೆಯ 40 ಲಕ್ಷವನ್ನು ಪೂರ್ತಿ ಬಳಸಬೇಕಾದರೆ ಸ್ವಂತವಾಗಿ ಸುಮಾರು 4 ಲಕ್ಷ 44 ಸಾವಿರ ಹೊಂದಿಸಬೇಕು. ದಾನಿಯೊಬ್ಬರಿಂದ ವರ್ಷಕ್ಕೆ 18,000 ಯೂರೋಗಿಂತ ಹೆಚ್ಚು ಪಡೆಯುವಂತಿಲ್ಲ. ಹಾಗಾಗಿ ದಾನದಿಂದಲೇ ತುಂಬಿಸುವುದಾದರೆ ಕಡಿಮೆಯೆಂದರೂ 25 ದೊಡ್ಡ ದಾನಿಗಳು ಬೇಕು. 12,000 ದಾಟಿದ ದಾನವನ್ನು ಪ್ರಾಧಿಕಾರಕ್ಕೆ ಕೂಡಲೇ ತಿಳಿಸಬೇಕು. ಅನಾಮಧೇಯ ಹಣ, ಸರ್ಕಾರಗಳ ಹಣ, ಒಕ್ಕೂಟದ ಹೊರಗಿನ ಖಾಸಗಿ ಸಂಸ್ಥೆಗಳ ಹಣ, ಸಂಸತ್ತಿನ ಗುಂಪಿನ ಹಣ ಯಾವುದೂ ಸಲ್ಲ. ಸದಸ್ಯ ಪಕ್ಷಗಳ ವಂತಿಗೆ ಬಜೆಟ್ಟಿನ ಶೇ 40 ಮೀರಬಾರದು. ಬಂದ ಹಣವನ್ನು ರಾಷ್ಟ್ರೀಯ ಪಕ್ಷಗಳಿಗಾಗಲಿ, ಅವುಗಳ ಅಭ್ಯರ್ಥಿಗಳಿಗಾಗಲಿ, ರಾಷ್ಟ್ರೀಯ ಜನಮತಗಣನೆಯ ಪ್ರಚಾರಕ್ಕಾಗಲಿ ದಾಟಿಸುವಂತಿಲ್ಲ. ಇಟಲಿಯ ಚುನಾವಣೆಗೆ ಇಸಿಆರ್ ದುಡ್ಡು ಹೋಯಿತು ಎಂದು ಯಾರಾದರೂ ಹೇಳಿದರೆ, ಅದು ಸಾಮಾನ್ಯ ಸಂಗತಿಯಲ್ಲ, ನಿಯಮಭಂಗದ ಆರೋಪ ಎಂದು ತಿಳಿಯಿರಿ.

ಇಸಿಆರ್ ಪಕ್ಷ ಎಡವಿದ್ದೂ ಹೆಚ್ಚಾಗಿ ಈ ‘ಅರ್ಹ ಖರ್ಚು’ ಎಂಬ ಜಾಗದಲ್ಲೇ. 2009ರ ಅಕ್ಟೋಬರ್‌ನಲ್ಲಿ ಹುಟ್ಟಿದ ಈ ಪಕ್ಷಕ್ಕೆ ಮೊದಲು ‘ಅಲಯನ್ಸ್ ಆಫ್ ಯುರೋಪಿಯನ್ ಕನ್ಸರ್ವೇಟಿವ್ಸ್ ಅಂಡ್ ರಿಫಾರ್ಮಿಸ್ಟ್ಸ್’ ಎಂಬ ಹೆಸರಿತ್ತು, 2016ರಲ್ಲಿ ಅದು ‘ಅಲಯನ್ಸ್ ಆಫ್ ಕನ್ಸರ್ವೇಟಿವ್ಸ್ ಅಂಡ್ ರಿಫಾರ್ಮಿಸ್ಟ್ಸ್ ಇನ್ ಯುರೋಪ್’ ಎಂದಾಯಿತು, 2019ರಲ್ಲಿ ಈಗಿನ ಹೆಸರು ಬಂತು. ಹಳೆಯ ದಾಖಲೆ ಹುಡುಕುವಾಗ ಮೂರೂ ಹೆಸರು ನೆನಪಿರಲಿ. 2018ರ ಡಿಸೆಂಬರ್‌ನಲ್ಲಿ ಸಂಸತ್ತಿನ ಆಡಳಿತ ಮಂಡಳಿ ಈ ಪಕ್ಷಕ್ಕೆ 5 ಲಕ್ಷ ಯೂರೋಗೂ ಹೆಚ್ಚು ಮೊತ್ತ ಹಿಂತಿರುಗಿಸಲು ಹೇಳಿತು. ಪ್ರಶ್ನೆಗೊಳಗಾದ ಖರ್ಚಿನಲ್ಲಿ ಉಗಾಂಡಾದ ಕಂಪಾಲಾ ಮತ್ತು ಅಮೆರಿಕದ ಮಯಾಮಿಯಲ್ಲಿ ನಡೆಸಿದ ಸಮಾವೇಶಗಳೂ ಇದ್ದವು. ಐರೋಪ್ಯ ರಾಜಕೀಯಕ್ಕೂ ಅವಕ್ಕೂ ಸಾಕಷ್ಟು ಸಂಬಂಧವಿಲ್ಲ ಎಂಬುದು ಆಕ್ಷೇಪ. ಪಕ್ಷ ಒಪ್ಪದೆ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. ಜಗತ್ತಿನ ಎಲ್ಲೆಡೆಯ ಸಂಪ್ರದಾಯವಾದಿಗಳನ್ನು ಸೇರಿಸಿಕೊಳ್ಳುವ ಹಂಬಲ ಆಗ ಈ ಪಕ್ಷಕ್ಕೆ ಬಹಳವಿತ್ತು. ಟರ್ಕಿಯ ಎರ್ಡೊಗನ್ ಅವರ ಎಕೆ ಪಕ್ಷ ಕೂಡ 2013ರಿಂದ 2018ರವರೆಗೆ ಇದರ ಸದಸ್ಯ. ಒಕ್ಕೂಟದ ಹೊರಗಿನ ಪಕ್ಷ ಎಷ್ಟೇ ದೊಡ್ಡದಿರಲಿ, ಏಳು ದೇಶದ ಎಣಿಕೆಗಾಗಲಿ ಸಂಸದರ ಎಣಿಕೆಗಾಗಲಿ ಅದು ಲೆಕ್ಕಕ್ಕಿಲ್ಲ. ಅದರಿಂದ ಸಿಕ್ಕಿದ್ದಕ್ಕಿಂತ ಆದ ಮುಜುಗರವೇ ಹೆಚ್ಚೆಂದು ನನ್ನ ಅಂದಾಜು.

ಎನ್‌ಡಿಎ ಹೋಲಿಕೆಗೆ ಬರೋಣ. ನಮ್ಮ ಮೈತ್ರಿಕೂಟಗಳು ಸೀಟು ಹಂಚಿಕೊಳ್ಳುತ್ತವೆ, ಸರ್ಕಾರ ರಚಿಸುತ್ತವೆ. ಇಸಿಆರ್ ಎರಡನ್ನೂ ಮಾಡುವುದಿಲ್ಲ. ಐರೋಪ್ಯ ಚುನಾವಣೆ ನಡೆಯುವುದು ದೇಶವಾರು ಪಟ್ಟಿಗಳ ಮೇಲೆ. ಇಟಲಿಯ ಮತಪತ್ರದಲ್ಲಿ ಇರುವುದು ‘ಬ್ರದರ್ಸ್ ಆಫ್ ಇಟಲಿ’. ನೆದರ್ಲೆಂಡ್ಸ್‌ನಲ್ಲಂತೂ ಇಸಿಆರ್ ಪಕ್ಷದ ಜೆಎ21 ಮತ್ತು ಇಸಿಆರ್ ಗುಂಪಿನ ಎಸ್‌ಜಿಪಿ ಒಂದೇ ಮತಪತ್ರದಲ್ಲಿ ಪರಸ್ಪರ ಎದುರಾಳಿಗಳು. ಇಡೀ ಯುರೋಪಿಗೆ ಒಂದೇ ಪಟ್ಟಿ ಮಾಡಿ ಕೆಲವು ಸ್ಥಾನ ತುಂಬೋಣ ಎಂಬ ಪ್ರಸ್ತಾಪಕ್ಕೆ ಸಂಸತ್ತು 2022ರಲ್ಲಿ ಒಪ್ಪಿಗೆ ಕೊಟ್ಟಾಗ ವಿರೋಧಿಸಿದವರಲ್ಲಿ ಇಸಿಆರ್ ಮುಂದಿತ್ತು. ತನ್ನಂಥ ಪಕ್ಷಗಳಿಗೇ ಬಲ ತರುವ ಪ್ರಸ್ತಾಪವನ್ನು ಅದು ತತ್ತ್ವಕ್ಕಾಗಿ ಬೇಡವೆಂದಿತು. ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗದ ಅಧ್ಯಕ್ಷಗಿರಿಗೆ ಪಕ್ಷದ ಅಭ್ಯರ್ಥಿಯನ್ನು ಮುಂದಿಡುವ ಪದ್ಧತಿಯಲ್ಲೂ ಹೀಗೆ ಓಲಾಟ. 2014ರಲ್ಲಿ ಬೇಡವೆಂದರು, 2019ರಲ್ಲಿ ಚೆಕ್ ಸಂಸದ ಯಾನ್ ಜಹ್ರಾದಿಲ್ ಅವರನ್ನು ಮುಂದಿಟ್ಟರು, 2024ರಲ್ಲಿ ಮತ್ತೆ ಯಾರೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಪಕ್ಷಾಂತರ ನಿಷೇಧದ್ದು. 1985ರಿಂದ ನಮ್ಮಲ್ಲಿ ಸಂವಿಧಾನದ ಹತ್ತನೇ ಷೆಡ್ಯೂಲ್ ಇದೆ. ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು. ಐರೋಪ್ಯ ಸಂಸದ ಯಾರ ಸೂಚನೆಗೂ ಬದ್ಧನಲ್ಲ. ಗುಂಪು ಹೆಚ್ಚೆಂದರೆ ಹೊರಗೆ ಹಾಕಬಹುದು, ಸ್ಥಾನ ಕಸಿಯಲಾಗದು. 2009ರಲ್ಲಿ ಗುಂಪು ಶುರುವಾದ ವಾರಗಳಲ್ಲೇ ಇದರ ರುಚಿ ಸಿಕ್ಕಿತು. ಸಂಸತ್ತಿನ ಉಪಾಧ್ಯಕ್ಷ ಸ್ಥಾನಕ್ಕೆ ಗುಂಪು ಪೋಲೆಂಡಿನ ಮಿಹಾವ್ ಕಮಿನ್ಸ್ಕಿಯವರನ್ನು ನಿಲ್ಲಿಸಿದರೆ, ಅದೇ ಗುಂಪಿನ ಬ್ರಿಟಿಷ್ ಸಂಸದ ಎಡ್ವರ್ಡ್ ಮ್ಯಾಕ್‌ಮಿಲನ್-ಸ್ಕಾಟ್ ಅವರ ವಿರುದ್ಧ ನಿಂತು ಗೆದ್ದರು. ಅವರನ್ನು ಉಚ್ಚಾಟಿಸಿದರು, ಉಪಾಧ್ಯಕ್ಷ ಸ್ಥಾನ ಅವರಲ್ಲೇ ಉಳಿಯಿತು. ಪೋಲೆಂಡಿನವರನ್ನು ಸಮಾಧಾನಪಡಿಸಲು ಗುಂಪಿನ ನಾಯಕತ್ವವನ್ನೇ ಕಮಿನ್ಸ್ಕಿಗೆ ಬಿಟ್ಟುಕೊಡಬೇಕಾಯಿತು.

ಹೊಸಬರನ್ನು ಸೇರಿಸಿಕೊಳ್ಳುವಾಗಲೂ ಹೀಗೇ ಏಟು ಬೀಳುತ್ತದೆ. 2014ರಲ್ಲಿ ಜರ್ಮನಿಯ ಎಎಫ್‌ಡಿಯನ್ನು ಕ್ಯಾಮರೂನ್ ಅವರ ವಿರೋಧದ ನಡುವೆಯೂ ಗುಪ್ತ ಮತದಾನದಲ್ಲಿ 29-26ರಿಂದ ಒಳಗೆ ಬಿಟ್ಟರು. ಆಗ ಅದು ಯೂರೋ ನಾಣ್ಯದ ಬಗ್ಗೆ ತಕರಾರು ಎತ್ತುವ ಅರ್ಥಶಾಸ್ತ್ರಜ್ಞರ ಪಕ್ಷದಂತಿತ್ತು. ಮರುವರ್ಷ ಪಕ್ಷ ಒಡೆಯಿತು, ಸಂಸ್ಥಾಪಕರು ಹೊರನಡೆದರು, ಉಳಿದ ಇಬ್ಬರು ಸಂಸದರನ್ನು 2016ರಲ್ಲಿ ಸಾಗಹಾಕಬೇಕಾಯಿತು. 2019ರಲ್ಲಿ ಡಚ್ ಪಕ್ಷ ಫೋರಂ ಫಾರ್ ಡೆಮಾಕ್ರಸಿಯನ್ನು ಸೇರಿಸಿಕೊಂಡಾಗ, ಮೊದಲಿನಿಂದ ಜೊತೆಗಿದ್ದ ನಿಮ್ಮ ಕ್ರಿಸ್ಟೆನ್‌ಯೂನಿ ಪಕ್ಷ ಎದ್ದು ಇಪಿಪಿ ಗುಂಪಿಗೆ ಹೋಯಿತು. 2024ರ ಜುಲೈನಲ್ಲಿ ಸ್ಪೇನಿನ ವೋಕ್ಸ್ ತನ್ನ 6 ಸಂಸದರೊಂದಿಗೆ ಹಂಗೇರಿಯ ಓರ್ಬಾನ್ ಬಳಗದ ‘ಪೇಟ್ರಿಯಟ್ಸ್’ ಗುಂಪಿಗೆ ಹಾರಿತು. ಫಿನ್ಲೆಂಡಿನ ಫಿನ್ಸ್ ಪಕ್ಷ ಮಾತ್ರ ಉಲ್ಟಾ: 2019ರಲ್ಲಿ ಬಿಟ್ಟು ಹೋಗಿ 2023ರಲ್ಲಿ ವಾಪಸ್ ಬಂತು. ಉಕ್ರೇನ್ ಯುದ್ಧ, ನ್ಯಾಟೋ ಸದಸ್ಯತ್ವ ಅದನ್ನು ಎಳೆದು ತಂದವು. ರಷ್ಯಾದ ವಿಷಯವೇ ಇಸಿಆರ್ ಮತ್ತು ಪೇಟ್ರಿಯಟ್ಸ್ ನಡುವಿನ ನಿಜವಾದ ಗೆರೆ. ವಲಸೆಯ ಬಗ್ಗೆ ಎರಡೂ ಕಡೆಯ ಭಾಷಣ ಕೇಳಿದರೆ ವ್ಯತ್ಯಾಸ ಹುಡುಕಬೇಕು.

ವಲಸೆಯ ವಿಷಯದಲ್ಲಿ ಭಾಷಣ ಒಂದೇ ಆದರೂ ಹಿತ ಒಂದೇ ಅಲ್ಲ. ಇಟಲಿಗೆ ಸಮುದ್ರ ದಾಟಿ ಜನ ಬರುತ್ತಾರೆ. ಭಾರವನ್ನು ಬೇರೆ ದೇಶಗಳೂ ಹೊರಲಿ ಎಂಬುದು ರೋಮಿನ ಲೆಕ್ಕ. ಪೋಲೆಂಡಿಗೆ ಆ ಹಂಚಿಕೆಯೇ ಬೇಡ. 2023ರ ಜೂನ್ ಶೃಂಗಸಭೆಯಲ್ಲಿ ಮೆಲೋನಿ ತಮ್ಮದೇ ಪಕ್ಷದ ಮಿತ್ರ ಮೊರಾವಿಯೆಟ್ಸ್ಕಿಯ ಮನವೊಲಿಸಲು ಹೋಗಿ ಬರಿಗೈಯಲ್ಲಿ ಬಂದರು. ದೇಶದ ಹಿತ ಮೊದಲು ಎನ್ನುವ ಪಕ್ಷಗಳ ಮೈತ್ರಿಯಲ್ಲಿ, ಇನ್ನೊಂದು ದೇಶದವರು ತಮ್ಮ ಹಿತ ಮೊದಲು ಎಂದಾಗ ಆಕ್ಷೇಪಿಸಲು ತಾತ್ತ್ವಿಕ ಆಧಾರವೇ ಇರುವುದಿಲ್ಲ. ಹೀಗಾಗಿ ಅಂಥ ವಿಷಯಗಳಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಮತ ಹಾಕುವುದನ್ನು ಇಲ್ಲಿ ಯಾರೂ ದ್ರೋಹ ಎಂದು ಕರೆಯುವುದಿಲ್ಲ, ಮೈತ್ರಿ ಬಾಳಿದ್ದೂ ಅದರಿಂದಲೇ.

ನೀವು ಕೇಳಿದ ಮತದಾನಕ್ಕೂ ಇದೇ ವಿವರಣೆ. 2024ರ ಜುಲೈ 18ರಂದು ಊರ್ಸುಲಾ ಫಾನ್ ಡೆರ್ ಲಯನ್ ಆಯೋಗದ ಅಧ್ಯಕ್ಷೆಯಾಗಿ 401 ಮತ ಪಡೆದು ಮರು ಆಯ್ಕೆಯಾದಾಗ ಮೆಲೋನಿ ಪಕ್ಷ ವಿರುದ್ಧ ಮತ ಹಾಕಿದ್ದಾಗಿ ಹೇಳಿತು. ನವೆಂಬರ್ 27ರಂದು ಇಡೀ ಆಯೋಗಕ್ಕೆ ಒಪ್ಪಿಗೆ ಕೇಳಿದಾಗ ಅದೇ ಪಕ್ಷ ಪರವಾಗಿ ನಿಂತಿತು; ಅದರ ರಫಾಯೆಲೆ ಫಿತ್ತೊ ಆ ಆಯೋಗದ ಕಾರ್ಯಕಾರಿ ಉಪಾಧ್ಯಕ್ಷರಾಗುವವರಿದ್ದರು. ಪೋಲೆಂಡಿನ ಲಾ ಅಂಡ್ ಜಸ್ಟಿಸ್ ವಿರುದ್ಧವೇ ಉಳಿಯಿತು. ಫಲಿತಾಂಶ 370 ಪರ, 282 ವಿರುದ್ಧ, 36 ತಟಸ್ಥ.

ಈ ಸಡಿಲತೆಗೆ ಪ್ರತಿಫಲವೂ ಇದೆ. 2024ರ ಜುಲೈನಲ್ಲಿ 720 ಸ್ಥಾನಗಳ ಸಂಸತ್ತಿನಲ್ಲಿ ಪೇಟ್ರಿಯಟ್ಸ್‌ಗೆ 84, ಇಸಿಆರ್‌ಗೆ 78 ಸಂಸದರು. ಆದರೂ ಉಳಿದ ಗುಂಪುಗಳು ಪೇಟ್ರಿಯಟ್ಸ್ ಸುತ್ತ ಬೇಲಿ ಹಾಕಿ ಒಂದೂ ಸಮಿತಿ ಅಧ್ಯಕ್ಷಗಿರಿ ಕೊಡಲಿಲ್ಲ. ಇಸಿಆರ್‌ಗೆ ಕೃಷಿ, ಬಜೆಟ್ ಮತ್ತು ಅರ್ಜಿಗಳ ಸಮಿತಿಗಳು, ಜೊತೆಗೆ ಸಂಸತ್ತಿನ ಎರಡು ಉಪಾಧ್ಯಕ್ಷ ಸ್ಥಾನಗಳು ಸಿಕ್ಕವು.

ಬ್ರಿಟನ್ ಬಗ್ಗೆ ಒಂದು ಮಾತು. ಕಟ್ಟಿದವರೇ 2020ರ ಜನವರಿ 31ರಂದು ಒಕ್ಕೂಟ ಬಿಟ್ಟು ಹೋದರು. ಮೈತ್ರಿ ಕುಸಿಯಬಹುದೆಂದು ಹಲವರು ಎಣಿಸಿದ್ದರು, ಆಗಲಿಲ್ಲ. 2019ರ ಚುನಾವಣೆಯಲ್ಲೇ ಬ್ರಿಟಿಷ್ ಕನ್ಸರ್ವೇಟಿವ್‌ಗಳು 4 ಸ್ಥಾನಕ್ಕೆ ಇಳಿದಿದ್ದರು. ಗುಂಪಿನ ಭಾರ ಆಗಲೇ ವಾರ್ಸಾಕ್ಕೆ, ಆಮೇಲೆ ರೋಮಿಗೆ ಸರಿದಿತ್ತು. ಮುಕ್ತ ಮಾರುಕಟ್ಟೆಯ ಮಾತು ತಗ್ಗಿ, ಕುಟುಂಬ, ಗಡಿ, ಅಸ್ಮಿತೆಯ ಮಾತು ಏರಿದ್ದೂ ಅದರ ಜೊತೆಗೇ.

ಭಾರತದ ನಂಟು ಎಷ್ಟು ಎಂದರೆ, ಬಿಜೆಪಿ ಇದರ ಸದಸ್ಯ ಪಕ್ಷವಲ್ಲ. ಆದರೆ ಸಂಸತ್ತಿನಲ್ಲಿ ಭಾರತದ ವಿಷಯ ಬಂದಾಗ ಗುಂಪುಗಳ ಲೆಕ್ಕ ನಮಗೂ ತಟ್ಟುತ್ತದೆ. 2020ರ ಜನವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಮೇಲೆ ಆರು ಗುಂಪುಗಳು ತಮ್ಮ ತಮ್ಮ ಕರಡು ನಿರ್ಣಯ ಮಂಡಿಸಿದ್ದವು, ಇಸಿಆರ್ ಅವುಗಳಲ್ಲಿ ಒಂದು. ಚರ್ಚೆ ನಡೆದರೂ ಮತದಾನ ಮುಂದಕ್ಕೆ ಹೋಯಿತು. ಒಕ್ಕೂಟದ ವ್ಯಾಪಾರ ಒಪ್ಪಂದಗಳಿಗೂ ಈ ಸಂಸತ್ತಿನ ಒಪ್ಪಿಗೆ ಬೇಕು. ಅಂಥ ಮತದಾನದಲ್ಲಿ ಇಸಿಆರ್ ಒಟ್ಟಾಗಿ ಏನು ಮಾಡೀತು ಎಂದು ನೋಡುವುದಕ್ಕಿಂತ ಇಟಲಿಯವರು, ಪೋಲೆಂಡಿನವರು ಬೇರೆ ಬೇರೆಯಾಗಿ ಏನು ಹೇಳುತ್ತಿದ್ದಾರೆ ಎಂದು ನೋಡಿದರೆ ಅಂದಾಜು ಹತ್ತಿರ ಬರುತ್ತದೆ. ಹೆಸರು ಕರೆದು ನಡೆಸುವ ಮತದಾನಗಳಲ್ಲಿ ಯಾವ ಸಂಸದ ಯಾವ ಕಡೆ ಎಂಬ ಪಟ್ಟಿಯನ್ನು ಸಂಸತ್ತು ಪ್ರಕಟಿಸುತ್ತದೆ.

ನೀವು ಭಾರತೀಯ ಪಾಸ್‌ಪೋರ್ಟಿನಲ್ಲಿದ್ದರೆ ಐರೋಪ್ಯ ಚುನಾವಣೆಯಲ್ಲಿ ಮತವಿಲ್ಲ. ನೆದರ್ಲೆಂಡ್ಸ್‌ನಲ್ಲಿ ಕಾನೂನುಬದ್ಧವಾಗಿ ಐದು ವರ್ಷ ಸತತ ವಾಸವಾದ ಮೇಲೆ ನಗರಸಭೆ ಚುನಾವಣೆಗೆ ಮತ ಸಿಗುತ್ತದೆ. ಡಚ್ ಅಥವಾ ಇನ್ನಾವುದೇ ಸದಸ್ಯ ರಾಷ್ಟ್ರದ ಪೌರತ್ವ ಪಡೆದರೆ ಮಾತ್ರ ಐರೋಪ್ಯ ಮತ. ಆಗಲೂ ಮತಪತ್ರದಲ್ಲಿ ಇಸಿಆರ್ ಎಂಬ ಪಕ್ಷವನ್ನು ಹುಡುಕಬೇಡಿ. ಡಚ್ ಪಕ್ಷಗಳ ಹೆಸರಿರುತ್ತದೆ. ಗೆದ್ದರೆ ಯಾವ ಗುಂಪಿನಲ್ಲಿ ಕೂರುತ್ತೀರಿ ಎಂದು ಆ ಪಕ್ಷವನ್ನೇ ಮೊದಲು ಕೇಳಿಕೊಳ್ಳಿ.